ಗೋಡೆಗೆ ಮುಖ

"ಮೂಗಿನ ತುದೀಲೇ ಕೋಪ ನಿಂಗೆ. ಹೋದ ದಿನವೇ ಯಾರ ಮೇಲೂ ಹರಿಹಾಯಬೇಡ ಕಣೇ," ಎಂದು ಅಕ್ಕ ಬೆಳಿಗ್ಗೆಯೇ ಫೋನಿನಲ್ಲಿ ಬುದ್ಧಿ ಹೇಳಿದ್ದಳು. ತಂಗಿ ಅಂದು ಬಾಲಾಪರಾಧಿಗಳ ಗೃಹಗಳಿಗೆಲ್ಲ ಹೊಸ ನಿರ್ದೇಶಕಿ.

ಮೊದಲ ಗೃಹದ ಕಾರಿಡಾರಿಗೆ ಅವಳು ಕಾಲಿಟ್ಟಿದ್ದೇ ತಡ, ಹುಡುಗರೆಲ್ಲ ಕೈ ಹಿಂದೆ ಕಟ್ಟಿ ಗೋಡೆಗೆ ಮುಖ ಮಾಡಿ ನಿಂತರು. ಅಧಿಕಾರಿಗಳು ಬಂದರೆ ಹಾಗೆ ನಿಲ್ಲುವುದು ಅಲ್ಲಿಯ ಪದ್ಧತಿ.

"ಈ ಕಡೆ ತಿರುಗಿ, ಮಕ್ಕಳೇ."

ಒಬ್ಬನೂ ಮಿಸುಕಲಿಲ್ಲ.

"ತಿರುಗಲ್ಲ ಮೇಡಂ," ಎಂದ ಹಿರಿಯ ಕಾವಲುಗಾರ. ಹುಡುಗರ ಬಾಯಲ್ಲಿ ಅವನು ಮೀಸೆ ಮಾಮ. "ನಾವೇ ಆಗಾಗ ಹೀಗೆ ಕರೆದು ಪರೀಕ್ಷೆ ಮಾಡ್ತೀವಿ. ತಿರುಗಿದವನಿಗೆ ಆವತ್ತು ಆಟ ಇಲ್ಲ." ಹೇಳುವಾಗ ಮೀಸೆ ಹೆಮ್ಮೆಯಿಂದ ಕುಣಿಯಿತು.

ಅವಳಿಗೆ ಮೈಯೆಲ್ಲ ಉರಿಯಿತು. ಅಕ್ಕನ ಮಾತು ನೆನೆದು ತುಟಿ ಕಚ್ಚಿಕೊಂಡಳು. ಸುತ್ತೋಲೆ ಹೊರಡಿಸಬಹುದಿತ್ತು, ಸುತ್ತೋಲೆಗೆ ಈ ಬೆನ್ನುಗಳು ತಿರುಗುತ್ತವೆಯೇ? ಕೈಚೀಲ ನೆಲಕ್ಕಿಟ್ಟು, ಎದುರು ಗೋಡೆಗೆ ಮುಖ ಮಾಡಿ, ತಾನೂ ಕೈ ಹಿಂದೆ ಕಟ್ಟಿ ನಿಂತಳು.

"ಬನ್ನಿ, ನೀವೂ ನಿಂತ್ಕೊಳ್ಳಿ. ಸಿಬ್ಬಂದಿ ಎಲ್ಲರೂ."

ಅವರು ಮುಖ ಮುಖ ನೋಡಿಕೊಂಡರು. ಕೊನೆಗೆ ಮೀಸೆ ಮಾಮ ಗೊಣಗುತ್ತಾ ಪಕ್ಕಕ್ಕೆ ಬಂದ, ಉಳಿದವರೂ ಸಾಲಾದರು. ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಬೆನ್ನ ಹಿಂದೆ ಏನಾಗುತ್ತಿದೆಯೋ ತಿಳಿಯದೆ ಅವಳಿಗೆ ತಿರುಗಿ ನೋಡಬೇಕೆನಿಸಿತು. ಆದರೂ ಅಲುಗಲಿಲ್ಲ.

ಬಹಳ ಹೊತ್ತಿನ ಮೇಲೆ ಹಿಂದೆ ಚಪ್ಪಲಿ ಸರಿದ ಸದ್ದಾಯಿತು. ಆಮೇಲೆ ಯಾರೋ ಕಿಸಕ್ಕನೆ ನಕ್ಕರು.

ಮೀಸೆ ಮಾಮ ರೇಗಿ ತಿರುಗಲು ಹೊರಟ.

"ತಿರುಗಬೇಡಿ," ಎಂದಳು ಅವಳು. "ಅವರು ನಮ್ಮನ್ನ ಈಗ ತಾನೇ ನೋಡೋಕೆ ಶುರು ಮಾಡಿದ್ದಾರೆ."