ನಮ್ಮಲ್ಲಿ ಸರಿಯಾಗೇ ಓಡ್ತಿದೆ

ನಮ್ಮ ಕಂಪನಿ ಲಿಫ್ಟ್ ರಿಪೇರಿ ಮಾಡುತ್ತದೆ. ಹಾಗಂತ ನಮ್ಮ ಕಚೇರಿಯ ಲಿಫ್ಟ್ ನೆಟ್ಟಗಿದೆ ಅಂದುಕೊಳ್ಳಬೇಡಿ. ಅದು ಎರಡನೇ ಮಹಡಿಯಲ್ಲಿ ನಿಂತು, ಒಂದಿಷ್ಟು ಯೋಚಿಸಿ, ಮನಸ್ಸು ಬಂದರೆ ಮೂರಕ್ಕೆ ಏರುತ್ತದೆ. ಆ ಮೂರನೇ ಮಹಡಿಯಲ್ಲಿ, ಏಸಿಯ ನೀರು ತೊಟ್ಟಿಕ್ಕಲು ಇಟ್ಟಿರುವ ಬಕೆಟ್ಟಿನ ಪಕ್ಕದ ಮೇಜು ನನ್ನದು. ನಾನು ಜಾವಾ ಪ್ರೋಗ್ರಾಮರ್. ನಮ್ಮತ್ತೆ, ಅಂದರೆ ನನ್ನ ಗಂಡನ ತಾಯಿ, ಇದೇ ಕಂಪನಿಯ ಗೋದಾಮಿನಲ್ಲಿ ಇಪ್ಪತ್ತಾರು ವರ್ಷದಿಂದ ಸ್ಟೋರ್ ಕೀಪರ್. ಗೋದಾಮು ಊರಿನ ಆ ತುದಿಯಲ್ಲಿದೆ, ಎರಡು ಬಸ್ಸು ಬದಲಿಸಬೇಕು. ಕಂಪನಿ ಇದುವರೆಗೆ ಹಾಕಿದ ಯೋಜನೆಗಳಲ್ಲಿ ನಮ್ಮಿಬ್ಬರನ್ನು ಅಷ್ಟು ದೂರ ಕೂರಿಸಿದ್ದೊಂದೇ ಬುದ್ಧಿವಂತಿಕೆಯದು ಎಂದು ನನ್ನ ಗಂಡ ಹೇಳುತ್ತಿರುತ್ತಾನೆ.

ಒಂದು ಸೋಮವಾರ ಮುಖ್ಯ ಕಚೇರಿಗೆ ಹೊಸ ಸರ್ವರ್ ಬಂತು. ಅವತ್ತಿನಿಂದ ಗೋದಾಮಿನ ಕಂಪ್ಯೂಟರಿಗೆ ದಾಸ್ತಾನು ಸಿಗದೆ ಹೋಯಿತು. ಅದು ನಡೆಯಬೇಕಾದ ರೀತಿ ಸರಳ. ಮೆಕ್ಯಾನಿಕ್ ಬಂದು ಬ್ರೇಕಿನ ಪ್ಯಾಡು ಕೇಳುತ್ತಾನೆ. ಅತ್ತೆ ಅದರ ನಂಬರನ್ನು ಕಂಪ್ಯೂಟರಿನಲ್ಲಿ ಒತ್ತುತ್ತಾರೆ. ಗೋದಾಮಿನ ಕಂಪ್ಯೂಟರು ನಮ್ಮ ಸರ್ವರಿನ ಬಾಗಿಲು ತಟ್ಟಿ, "ದಾಸ್ತಾನು ಅನ್ನೋ ಹೆಸರಿನವರು ಎಲ್ಲಿ ಸಿಗ್ತಾರೆ?" ಎಂದು ವಿಚಾರಿಸುತ್ತದೆ. ದಾಸ್ತಾನು ಎಂದರೆ ಸರ್ವರಿನ ಹೊಟ್ಟೆಯಲ್ಲಿ ಕೂತು, ಯಾವ ಮಾಲು ಎಷ್ಟಿದೆ ಎಂದು ಹೇಳುವ ಒಂದು ಪ್ರೋಗ್ರಾಮು. ಸರ್ವರು ತನ್ನ ಹೆಸರುಗಳ ಪಟ್ಟಿ ನೋಡಿ ಒಂದು ವಿಳಾಸದ ಚೀಟಿ ಕೊಡುತ್ತದೆ. ಆ ವಿಳಾಸಕ್ಕೆ ಹೋಗಿ ಕೇಳಿ, ಒಪ್ಪಿಗೆ ಬಂದರೆ ಮಾಲು ಕೊಡಬೇಕು. ಒಪ್ಪಿಗೆ ಬರದಿದ್ದರೆ ಕೊಡಬಾರದು ಎಂಬುದು ನಿಯಮ.

ಒಪ್ಪಿಗೆ ಬರಲಿಲ್ಲ. ಅತ್ತೆ ಮೊದಲ ದಿನ ಕಾದರು. ಎರಡನೇ ದಿನ ಒಂದು ಆಸ್ಪತ್ರೆಯ ಲಿಫ್ಟ್ ನಿಂತು, ರೋಗಿಗಳನ್ನು ಮೆಟ್ಟಿಲ ಮೇಲೆ ಹೊತ್ತೊಯ್ಯುತ್ತಿದ್ದಾರೆಂದು ಮೆಕ್ಯಾನಿಕ್ ಬಂದು ನಿಂತ. ಅತ್ತೆ ಕಾಗದದ ಚೀಟಿ ಬರೆದು, ಅವನ ಸಹಿ ತೆಗೆದುಕೊಂಡು ಪ್ಯಾಡು ಕೊಟ್ಟು ಕಳಿಸಿದರು. ಎರಡು ವಾರದಲ್ಲಿ ಹೀಗೆ ಹದಿನಾಲ್ಕು ಚೀಟಿಗಳಾದವು. ಹದಿನೈದನೆಯದು ಅತ್ತೆಯ ಹೆಸರಿಗೇ ಬಂತು. ಸಿಸ್ಟಮ್ ಸರಿಯಾಗಿಯೇ ಇದ್ದರೂ ಬೇಕೆಂದೇ ಅದನ್ನು ಬದಿಗಿಟ್ಟು ಮಾಲು ಸಾಗಿಸಿದ್ದೀರಿ, ಬರುವ ಶುಕ್ರವಾರ ಹನ್ನೊಂದಕ್ಕೆ ವಿಚಾರಣೆ, ತಪ್ಪು ಸಾಬೀತಾದರೆ ಕೆಲಸದಿಂದ ವಜಾ. 'ಸಾಗಿಸಿದ್ದೀರಿ' ಎಂಬ ಮಾತನ್ನು ಆರಿಸಿ ಬರೆದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಅದನ್ನು ಓದಿದ ರಾತ್ರಿ ಅತ್ತೆ ಊಟ ಬಿಟ್ಟರು.

ಸಿಸ್ಟಮ್ ಸರಿಯಾಗಿದೆ ಎಂದು ಸರ್ಟಿಫಿಕೇಟು ಕೊಟ್ಟವರು ನಮ್ಮ ಆರ್ಕಿಟೆಕ್ಟ್. ಇವರು ಜೀವಮಾನದಲ್ಲಿ ಒಂದು ಇಟ್ಟಿಗೆ ಇಟ್ಟವರಲ್ಲ. ಪ್ರೋಗ್ರಾಮುಗಳು ಎಲ್ಲೆಲ್ಲಿರಬೇಕೆಂದು ಬಿಳಿ ಹಲಗೆಯ ಮೇಲೆ ಡಬ್ಬಿ ಬರೆದು, ಡಬ್ಬಿಯಿಂದ ಡಬ್ಬಿಗೆ ಬಾಣ ಎಳೆಯುವುದು ಇವರ ವೃತ್ತಿ. ದಿನಾ ಹತ್ತು ಗಂಟೆಗೆ ಹನ್ನೊಂದು ಜನರ ಫೋನ್ ಮೀಟಿಂಗು. ಅದರಲ್ಲಿ ಅರ್ಧ ಗಂಟೆ "ನನ್ನ ಧ್ವನಿ ಕೇಳಿಸ್ತಿದೆಯಾ?" ಎಂಬುದಕ್ಕೇ ಹೋಗುತ್ತಿತ್ತು. ಮಿಕ್ಕ ಅರ್ಧದಲ್ಲಿ ಆರ್ಕಿಟೆಕ್ಟರು ಸರ್ವರಿನ ಮೇಲೇ ಕೂತು ಪರೀಕ್ಷೆಯ ಪ್ರೋಗ್ರಾಮು ಓಡಿಸುತ್ತಿದ್ದರು. ಹಸಿರು ದೀಪ ಬರುತ್ತಿತ್ತು. "ನಮ್ಮಲ್ಲಿ ಸರಿಯಾಗೇ ಓಡ್ತಿದೆ," ಎನ್ನುತ್ತಿದ್ದರು. ಹನ್ನೊಂದು ಜನರೂ ಹೌದು ಹೌದು ಎನ್ನುತ್ತಿದ್ದೆವು.

ಸುಮ್ಮನೆ ಕೂತಿದ್ದೆವು ಎಂದಲ್ಲ. ದಾಸ್ತಾನಿನ ಹೆಸರನ್ನು ನಾಲ್ಕು ಸಲ ಬದಲಿಸಿದೆವು. ಕೊನೆಯ ಹೆಸರು ಎಷ್ಟು ಉದ್ದವಿತ್ತೆಂದರೆ ಅದನ್ನು ಒಂದೇ ಉಸಿರಿನಲ್ಲಿ ಓದಲು ಯಾರಿಂದಲೂ ಆಗುತ್ತಿರಲಿಲ್ಲ. ಗೋದಾಮಿನ ವೈರು ಬದಲಾಯಿತು. ಹೊರಗಿನವರನ್ನು ತಡೆಯುವ ಫೈರ್‌ವಾಲಿನಲ್ಲಿ ತೂತು ಕೊರೆದೆವು. ಯಾರೋ ಹೋಗಿ ಅತ್ತೆಯ ಕಂಪ್ಯೂಟರಿನ ಪರದೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಯೂ ಬಂದರು. ಯಾವುದೂ ನಾಟದಿದ್ದಾಗ ಅತ್ತೆ ಕೊಟ್ಟಿದ್ದ ದೂರಿನ ಮೇಲೆ 'ಬಳಕೆದಾರರ ತಪ್ಪು' ಎಂದು ಬರೆದು ಮುಚ್ಚಿದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಬರೆ ಹಾಕುವ ಗುಂಡಿಯನ್ನು ಒತ್ತಿದವಳು ನಾನೇ ಎಂಬುದನ್ನೂ ಹೇಳಿಬಿಡುತ್ತೇನೆ. ಮನೆಯಲ್ಲಿ ಟೀವಿ ರಿಮೋಟಿನ ಗುಂಡಿ ತಪ್ಪಾಗಿ ಒತ್ತುವವರು ಗೋದಾಮಿನಲ್ಲಿ ಇನ್ನೇನು ಒತ್ತಿದ್ದಾರೋ ಎಂದು ಒಳಗೊಳಗೇ ನಗುತ್ತಿದ್ದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ. ನನ್ನ ಕಾಲ ಬಂದಿದೆ ಎಂದುಕೊಂಡಿದ್ದೆ.

ವಿಚಾರಣೆಗೆ ಎರಡು ದಿನವಿತ್ತು. ಬುಧವಾರ ಸಂಜೆ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಅತ್ತೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ತಮ್ಮ ನೋಟ್‌ಬುಕ್ ತಿರುವುತ್ತಿದ್ದರು. ನೀಲಿ ರಟ್ಟಿನ ಪುಸ್ತಕ ಅದು. ಗೋದಾಮಿಗೆ ಬಂದದ್ದು, ಹೋದದ್ದು, ಕೆಟ್ಟದ್ದು ಎಲ್ಲವನ್ನೂ ತಾರೀಕು ಗಂಟೆ ಸಮೇತ ಅದರಲ್ಲಿ ಬರೆಯುತ್ತಾರೆ.

"ಶುಕ್ರವಾರ ಇದನ್ನ ತೋರಿಸಿದ್ರೆ ಯಾರಾದ್ರೂ ಓದ್ತಾರೇನೇ?" ಎಂದರು.

"ಅದರಲ್ಲಿ ಏನಿದೆ ಅತ್ತೆ?"

"ದಿನಾ ಗಂಟೆಗೊಂದ್ಸಲ ಪ್ರಯತ್ನ ಮಾಡಿ ಬರೆದಿಟ್ಟಿದೀನಿ. ಹೆಸರು ಸಿಗಲ್ಲ ಅಂತ ನೀವು ಹೆಸರು ಬದಲಾಯಿಸ್ತಾ ಕೂತಿದೀರಿ. ಹೆಸರು ಮೊದಲನೇ ದಿನದಿಂದ್ಲೇ ಸಿಗ್ತಿದೆ. ಸಿಕ್ಕಿದ ಮೇಲೆ ಕೆಡ್ತಿದೆ."

"ಸಿಕ್ಕಿದ ಮೇಲೆ ಅಂದ್ರೆ ಲೈನ್ ಹೋಗಿರ್ಬೇಕು ಬಿಡಿ."

"ನಾನೂ ಹಂಗೇ ಅಂದ್ಕೊಂಡೆ. ಅದಕ್ಕೆ ಒಂದಿನ ಹೆಸರು ಸಿಕ್ಕಿದ ತಕ್ಷಣ ಹಿಂದಿನ ವೈರನ್ನೇ ಕಿತ್ತುಹಾಕ್ದೆ. ಆಗ್ಲೂ ಅದೇ ಹೊತ್ತಿಗೆ ಅದೇ ತಪ್ಪು ಬಂತು. ವೈರ್ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ಅಂದ್ರೆ ಅದು ಗೋದಾಮು ಬಿಟ್ಟು ಹೊರಗೇ ಹೋಗ್ತಿಲ್ಲ. ಹೆಂಗೆ ಅಂದ್ರೆ, ನಿಮ್ಮ ಆಫೀಸಿಗೆ ಫೋನ್ ಮಾಡಿ 'ದಾಸ್ತಾನಿನವರ ನಂಬರ್ ಕೊಡಿ' ಅಂತೀನಿ. ಕೊಡ್ತಾರೆ. ಒತ್ತಿದ್ರೆ ಎಂಗೇಜು. ಯಾಕಂದ್ರೆ ಅವರು ಕೊಟ್ಟಿದ್ದು ನನ್ನ ನಂಬರೇ!"

ನಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಕನ್ನಡಕ ಏರಿಸಿಕೊಂಡು ಪುಸ್ತಕ ಓದಿದರು: "ಕೊನೇ ಸಾಲಲ್ಲಿ ಒಂದು ವಿಳಾಸ ಬರುತ್ತೆ. ನೂರ ಇಪ್ಪತ್ತೇಳು, ಚುಕ್ಕಿ, ಸೊನ್ನೆ, ಚುಕ್ಕಿ, ಸೊನ್ನೆ, ಚುಕ್ಕಿ, ಒಂದು. ಮೊದಲನೇ ದಿನಾನೇ ನಿಮ್ಮ ದೂರಿನ ವಿಭಾಗದವರಿಗೆ ಹೇಳ್ದೆ. ಅಷ್ಟೆಲ್ಲ ವಿವರ ಫಾರಮ್ಮಿನಲ್ಲಿ ಹಿಡಿಯಲ್ಲ ಅಂದ್ರು."

ಚಾಕು ನನ್ನ ಕೈಯಲ್ಲೇ ನಿಂತಿತು. ಆ ವಿಳಾಸಕ್ಕೆ ಪ್ರಪಂಚದ ಯಾವ ಕಂಪ್ಯೂಟರನ್ನು ಕೇಳಿದರೂ ಅರ್ಥ ಒಂದೇ: 'ನಾನೇ'. ಸರ್ವರು ಚೀಟಿಯ ಮೇಲೆ 'ನಾನೇ' ಎಂದು ಬರೆದು ಕೊಡುತ್ತಿದೆ. ಗೋದಾಮಿನ ಕಂಪ್ಯೂಟರು ಅದನ್ನು ಓದಿ, ದಾಸ್ತಾನನ್ನು ತನ್ನೊಳಗೇ ಹುಡುಕಿ ಕಾಣದೆ ಕಕ್ಕಾಬಿಕ್ಕಿಯಾಗುತ್ತಿದೆ. ಆರ್ಕಿಟೆಕ್ಟರು ಸರ್ವರಿನ ಮೇಲೇ ಕೂತು ಪರೀಕ್ಷೆ ಮಾಡಿದರೆ 'ನಾನೇ' ಎಂಬುದು ಸರ್ವರೇ ಆಗಿ ಹಸಿರು ದೀಪ ಹತ್ತದೆ ಇನ್ನೇನು? ಕಂಕುಳಲ್ಲಿ ಕೂಸಿಟ್ಟುಕೊಂಡು ಹನ್ನೊಂದು ಜನ ಊರೆಲ್ಲ ಹುಡುಕಿದ್ದೆವು.

ಅದಕ್ಕಿಂತ ಹೆಚ್ಚಾಗಿ ನನಗೆ ಇನ್ನೊಂದು ನೆನಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕೈ ತಾನಾಗಿ ಹೆಗಲಿಗೆ ಹೋಯಿತು. "ಕಣ್ಣು ಉರೀತಿದೆ," ಎಂದು ಈರುಳ್ಳಿಯ ಮೇಲೆ ಹಾಕಿ ಎದ್ದುಬಿಟ್ಟೆ.

ಗುರುವಾರ ಬೆಳಿಗ್ಗೆ ಹೋದವಳೇ ಸರ್ವರಿನ ಸೆಟ್ಟಿಂಗಿನ ಫೈಲು ತೆರೆದೆ. ವಿಳಾಸದ ಸಾಲು ಅಲ್ಲೇ ಕೂತಿತ್ತು. ಅದರ ಮೇಲೆ ಒಂದು ಟಿಪ್ಪಣಿ: 'ಸದ್ಯಕ್ಕೆ ಮಾತ್ರ. ಪರೀಕ್ಷೆ ಮುಗಿದ ಮೇಲೆ ತೆಗೆಯುವುದು.' ಪಕ್ಕದಲ್ಲಿ ಬರೆದವರ ಸಿಬ್ಬಂದಿ ಸಂಖ್ಯೆ. ನನ್ನದು. ಹೊಸ ಸರ್ವರಿನ ಕೆಲಸವನ್ನು ನನ್ನ ಮೇಜಿನ ಮೇಲೆ ಪರೀಕ್ಷಿಸುವಾಗ ಬರೆದು, ಟೀ ಕುಡಿಯಲು ಎದ್ದು, ಮರೆತೇಬಿಟ್ಟಿದ್ದೆ.

ಆರ್ಕಿಟೆಕ್ಟರಿಗೆ ತೋರಿಸಿದೆ. ಅವರು ಬಾಗಿಲು ಮುಚ್ಚಿದರು.

"ಯಾರಿಗೂ ಹೇಳ್ಬೇಡಿ. ಸಂಜೆ ಆರಕ್ಕೆ ಸರ್ವರ್ ನಿಲ್ಲಿಸೋಕೆ ಅನುಮತಿ ಇದೆ, ಆಗ ಸರಿ ಮಾಡಿಬಿಡಿ. ನಾಳೆ ಎಲ್ಲ ಓಡಿದ್ರೆ ವಿಚಾರಣೆಗೆ ಅರ್ಥಾನೇ ಇರಲ್ಲ. ನಿಮ್ಮತ್ತೆಗೂ ಒಳ್ಳೇದು, ನಿಮಗೂ ಒಳ್ಳೇದು. ಬಡ್ತಿ ಪಟ್ಟಿ ಮುಂದಿನ ತಿಂಗಳು ಅಲ್ವಾ?"

ನಂಬಿದೆ. ನಂಬುವುದೇ ನನಗೆ ಬೇಕಾಗಿತ್ತು. ಸಂಜೆ ಆರಕ್ಕೆ ಆ ಸಾಲನ್ನು ತೆಗೆದು ನಿಜವಾದ ವಿಳಾಸ ಬರೆದೆ. ಮನೆಯಲ್ಲಿ ಅತ್ತೆ ಏನೂ ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ. ಶುಕ್ರವಾರಕ್ಕೆ ಬೇಕೆಂದು ಅವರು ತಮ್ಮ ಒಳ್ಳೆಯ ಸೀರೆಯನ್ನು ಇಸ್ತ್ರಿ ಮಾಡುತ್ತಿದ್ದರು. ಒಂದೇ ಮಡಿಕೆಯನ್ನು ಮೂರು ಸಲ ತಿಕ್ಕಿದ್ದು ನೋಡಿಯೂ ನಾನು ಹೋಗಿ ಮಲಗಿದೆ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು. ಆ ಕಡೆ ಸಿಬ್ಬಂದಿ ಅಧಿಕಾರಿ, ದನಿ ಏರಿಸದೆ ಜನರನ್ನು ಮನೆಗೆ ಕಳಿಸಿ ಹೆಸರಾದ ಹೆಂಗಸು. ಈ ಕಡೆ ಅತ್ತೆ, ನೀಲಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು. ಗೋಡೆಗೆ ಒರಗಿದ ಕುರ್ಚಿಯಲ್ಲಿ, ತಾಂತ್ರಿಕ ಪ್ರಶ್ನೆ ಬಂದರೆ ಇರಲಿ ಎಂದು ಕರೆಸಿದ್ದ ನಾನು.

ಆರ್ಕಿಟೆಕ್ಟರು ಪರದೆ ಹಚ್ಚಿದರು. "ಇವತ್ತು ಇಲ್ಲಿಂದ್ಲೇ ಗೋದಾಮಿನ ಕಂಪ್ಯೂಟರಿನೊಳಗೆ ಹೋಗಿ ತೋರಿಸ್ತೀನಿ ಮೇಡಂ," ಎಂದು ಬ್ರೇಕ್ ಪ್ಯಾಡಿನ ನಂಬರು ಒತ್ತಿದರು. ಒಂದು ಸೆಕೆಂಡಿನಲ್ಲಿ ಉತ್ತರ ಬಂತು. "ನೋಡಿ. ಇಷ್ಟು ದಿನವೂ ಹೀಗೇ ಓಡ್ತಿತ್ತು. ಇನ್ನು ಅವರು ಚೀಟಿ ಯಾಕೆ ಬರೆದ್ರು ಅನ್ನೋದನ್ನ ಅವರೇ ಹೇಳ್ಬೇಕು."

ನನ್ನನ್ನು ಉಳಿಸಿಕೊಳ್ಳಲು ಸರಿ ಮಾಡಿದ ಸಾಲೇ ಈಗ ಅತ್ತೆಯ ಕುತ್ತಿಗೆಗೆ ಬಂದಿತ್ತು. ಕೆಟ್ಟಿತ್ತು ಎನ್ನಲು ಎಲ್ಲರ ಕಣ್ಣಿಗೆ ಕಾಣುವಂತಿದ್ದ ಒಂದೇ ಸಾಕ್ಷಿಯನ್ನು ನನ್ನ ಕೈಯಾರೆ ಅಳಿಸಿದ್ದೆ. ಆರ್ಕಿಟೆಕ್ಟರ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದ ಹೇಸಿಗೆ ದೊಡ್ಡದಿತ್ತು.

"ಏನು ಹೇಳ್ತೀರಮ್ಮ?" ಎಂದರು ಅಧಿಕಾರಿ.

ಅತ್ತೆ ಅವಸರವಿಲ್ಲದೆ ಕನ್ನಡಕ ಹಾಕಿಕೊಂಡು ಪುಸ್ತಕದ ಕೊನೆಯ ಪುಟ ತೆಗೆದರು. "ಗುರುವಾರ, ಸಂಜೆ ಐದು. ದಾಸ್ತಾನು ಸಿಗಲಿಲ್ಲ. ಗುರುವಾರ, ಸಂಜೆ ಆರು ಹತ್ತು. ದಾಸ್ತಾನು ಸಿಕ್ಕಿತು. ಯಾರೋ ಸರಿ ಮಾಡಿದ್ದಾರೆ. ಗೋದಾಮಿಗೆ ತಿಳಿಸಿಲ್ಲ." ಪುಸ್ತಕ ಮುಚ್ಚಿದರು. "ಸರಿಯಾಗೇ ಓಡ್ತಿದ್ದದ್ದನ್ನ ನಿನ್ನೆ ಸಂಜೆ ಯಾರು ಸರಿ ಮಾಡಿದ್ರು ಅಂತ ಅವರನ್ನ ಕೇಳಿ ಮೇಡಂ. ನಾನು ಗೋದಾಮಿನವಳು, ನಂಗೆ ಅಷ್ಟೆಲ್ಲ ತಿಳಿಯಲ್ಲ."

ಆರ್ಕಿಟೆಕ್ಟರು ಕೆಮ್ಮಿದರು. ಅಧಿಕಾರಿ ಅವರನ್ನು ನೋಡಿದರು. ಆರ್ಕಿಟೆಕ್ಟರು ನನ್ನನ್ನು ನೋಡಿದರು. ಅತ್ತೆ ಮಾತ್ರ ನನ್ನ ಕಡೆ ತಿರುಗಲಿಲ್ಲ. ತಲೆ ಬಗ್ಗಿಸಿ ಪುಸ್ತಕದ ರಟ್ಟಿನ ಮೂಲೆಯನ್ನು ಉಗುರಿನಿಂದ ನೇರ ಮಾಡುತ್ತಿದ್ದರು.

"ನಾನು," ಎಂದೆ. "ಸರಿ ಮಾಡಿದ್ದೂ ನಾನೇ, ಕೆಡಿಸಿದ್ದೂ ನಾನೇ."

ಎದ್ದುಹೋಗಿ, ಬದಲಿಸುವ ಮುಂಚಿನದೆಂದು ಸರ್ವರು ತಾನಾಗಿ ಉಳಿಸಿಟ್ಟಿದ್ದ ಹಳೆಯ ಫೈಲನ್ನು ಪರದೆಯ ಮೇಲೆ ತೆರೆದೆ. 'ಸದ್ಯಕ್ಕೆ ಮಾತ್ರ' ಎಂಬುದನ್ನು ಎಲ್ಲರೂ ಓದಿದರು. ಆರ್ಕಿಟೆಕ್ಟರು ತಾವೂ ಮೊದಲ ಸಲ ಓದುತ್ತಿರುವವರಂತೆ ಹುಬ್ಬೇರಿಸಿದರು. ಬಾಗಿಲು ಮುಚ್ಚಿ ಅವರು ಕೊಟ್ಟ ಸಲಹೆಯನ್ನೂ ಹೇಳಿದೆ, ಹುಬ್ಬು ಇಳಿಯಿತು. ಹನ್ನೊಂದು ನಲವತ್ತಕ್ಕೆ ಅತ್ತೆಯ ಮೇಲಿನ ಆರೋಪ ಬಿತ್ತು. ಬಡ್ತಿ ಪಟ್ಟಿಯಿಂದ ನನ್ನ ಹೆಸರೂ ಬಿತ್ತು. ಆರ್ಕಿಟೆಕ್ಟರಿಗೆ ಏನಾಯಿತೆಂದು ಕೇಳಬೇಡಿ. ಇಂಥದ್ದು ಮತ್ತೆ ಆಗದಂತೆ ನೋಡಿಕೊಳ್ಳುವ ಸಮಿತಿಗೆ ಅವರೇ ಅಧ್ಯಕ್ಷರು.

ಅವತ್ತು ಅತ್ತೆ ಸೊಸೆ ಒಟ್ಟಿಗೇ ಬಸ್ಸು ಹತ್ತಿದೆವು. ಎರಡು ಸ್ಟಾಪು ಕಳೆದ ಮೇಲೆ ಅತ್ತೆ ಚೀಲದಿಂದ ನೀಲಿ ಪುಸ್ತಕ ತೆಗೆದು, ಬಸ್ಸಿನ ಕುಲುಕಾಟದಲ್ಲೇ ಏನೋ ಬರೆದು ನನ್ನ ತೊಡೆಯ ಮೇಲಿಟ್ಟರು.

'ಶುಕ್ರವಾರ, ಹನ್ನೊಂದು ನಲವತ್ತು. ಮುಖ್ಯ ಕಚೇರಿಯಿಂದ ಬಂದದ್ದು: ನಿಜ, ಒಂದು. ಎರಡು ದಿನ ತಡ.'

"ಎರಡಲ್ಲ ಅತ್ತೆ," ಎಂದೆ. "ಹತ್ತೊಂಬತ್ತು ದಿನ."

"ಬುಧವಾರದವರೆಗೆ ನಿಂಗೇ ಗೊತ್ತಿರ್ಲಿಲ್ಲ. ಅದನ್ನ ನಿನ್ನ ಮೇಲೆ ಬರೆಯಲ್ಲ." ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು. "ಈರುಳ್ಳಿ ಹೆಚ್ಚೋದು ನಿಲ್ಲಿಸಿದ್ಯಲ್ಲ, ಅಲ್ಲಿಂದ ಲೆಕ್ಕ. ಅವತ್ತಿಂದ ನೀನು ಹೇಳ್ತೀಯಾ ಅಂತ ಕಾಯ್ತಾ ಇದ್ದೆ. ತಗೋ, ಕೊಟ್ಟವರ ಸಹಿ ಹಾಕು."