ಮಾವನ ಕರಡಿಗೆ

ಕಂಬಿಗೆ ಏನೋ ಸಣ್ಣದು ಬಡಿದ ಸದ್ದು. ಟಕ್ ಎಂದಷ್ಟೇ. ಅದರ ಹಿಂದೆಯೇ ಅದು ನೀರಿಗೆ ಬಿದ್ದದ್ದೂ ಕೇಳಿತು.

ಪ್ರವಾಸ ಹೊರಟಾಗಿನಿಂದ ನನಗೆ ನಿದ್ದೆ ಹತ್ತಿರಲಿಲ್ಲ. ಎದ್ದು ನೋಡಿದರೆ ಮಾವ ಚಂದ್ರಾಮಪ್ಪನವರು ಲಾಂಚಿನ ಕಂಬಿಯ ಮೇಲೆ ಬಗ್ಗಿ ವಾಂತಿ ಮಾಡಿಕೊಳ್ಳುತ್ತಿದ್ದರು.

ಹೊಟ್ಟೆಯ ಕ್ಯಾನ್ಸರಿಗೆ ಇನ್ನು ಔಷಧವಿಲ್ಲವೆಂದು ಡಾಕ್ಟರು ಕೈಬಿಟ್ಟ ಮೇಲೆ ಅವರು ಕೇಳಿದ್ದು ಸಮುದ್ರ ನೋಡುವುದೊಂದನ್ನೇ. ಜೇವರ್ಗಿಯಲ್ಲಿ ತೊಗರಿ ವ್ಯಾಪಾರ ಮಾಡಿಕೊಂಡಿದ್ದವರು, ಭೀಮೆಗಿಂತ ದೊಡ್ಡ ನೀರು ಕಂಡಿರಲಿಲ್ಲ. ನನ್ನ ಗಂಡ ವಿಶ್ವಾರಾಧ್ಯ ಕರಾವಳಿಗುಂಟ ಊರೂರಿಗೆ ಹೋಗುವ ಲಾಂಚಿನಲ್ಲಿ ನಮ್ಮನ್ನು ಕರೆತಂದಿದ್ದ. ಸಂಜೆ ಗಾಳಿ ಎದ್ದಿದ್ದರಿಂದ ಮೀನುಗಾರರ ಈ ಸಣ್ಣ ಊರಿನ ಧಕ್ಕೆಗೆ ಲಾಂಚು ಕಟ್ಟಿದ್ದರು.

“ನಮ್ಮ ಭೀಮಾ ನೀರು ಇಲ್ಲೇ ಬಂದು ಕೂಡ್ತದೇನವ್ವ?” ಎಂದು ಮಾವ ಕೇಳಿದ್ದರು. ಇಲ್ಲ, ಅದು ಮೂಡಣ ಕಡಲಿಗೆ ಹೋಗುತ್ತದೆ ಎಂದಿದ್ದೆ.

“ಅಂದ್ರ ನಾವೇ ದಾರಿ ತಪ್ಪಿ ಬಂದೀವಿ.”

ಈಗ ಅವರನ್ನು ಹಿಡಿದು ತಂದು ಮಲಗಿಸುವಾಗ ಎದೆಯ ಮೇಲಿನ ಬೆಳ್ಳಿ ಕರಡಿಗೆಯ ಮುಚ್ಚಳ ತೆರೆದು ಜೋತಾಡುವುದು ಕಂಡಿತು. ಒಳಗೆ ಇಷ್ಟಲಿಂಗವಿರಲಿಲ್ಲ.

ಅವರಿಗೆ ಅದರ ಅರಿವಿರಲಿಲ್ಲ. ಲಿಂಗ ಕಳೆದುಕೊಂಡವರು ನೀರೂ ಮುಟ್ಟಬಾರದೆಂದು ನಂಬಿದವರು ಅವರು. ತಮ್ಮ ಸ್ವಂತ ಅಣ್ಣ ದೌಲತರಾಯರು ಲಿಂಗ ಕಳೆದು ಹಾಗೆಯೇ ಉಪವಾಸ ಬಿದ್ದು ಪ್ರಾಣ ಬಿಟ್ಟದ್ದನ್ನು ಅಭಿಮಾನದಿಂದ ಹೇಳುತ್ತಿದ್ದರು. ಮುಚ್ಚಳ ಹಾಕಿ ಪಕ್ಕದಲ್ಲಿ ಕೂತೆ.

ಬೆಳಕು ಹರಿಯುವಾಗ ಧಕ್ಕೆಯ ಮೇಲೆ ಮೀನಿನ ಬುಟ್ಟಿ ಜೋಡಿಸುತ್ತಿದ್ದ ಹೆಂಗಸನ್ನು, ಇಲ್ಲಿ ಯಾರಾದರೂ ಮುಳುಗಿ ಹುಡುಕಿಕೊಡುತ್ತಾರೆಯೇ ಎಂದು ಕೇಳಿದೆ.

“ಎಂಥ ಬಿದ್ದದ್ದು? ಚಿನ್ನವಾ?”

“ಅಲ್ಲ. ಒಂದು ಕಲ್ಲು.”

ಅವಳು ನನ್ನ ಮುಖವನ್ನೇ ನೋಡಿದಳು. “ಅಡಿಯಲ್ಲಿ ಆಳುದ್ದ ಕೆಸರು, ಅಮ್ಮ. ಕಲ್ಲಿಗೆ ಯಾರು ಮುಳುಗ್ತಾರೆ?”

ನನ್ನ ಕೊರಳಲ್ಲೂ ಒಂದು ಕರಡಿಗೆಯಿತ್ತು. ಲಿಂಗ ಗುರು ಕೈಯಾರೆ ಕೊಟ್ಟದ್ದು, ಒಬ್ಬರದು ಇನ್ನೊಬ್ಬರಿಗೆ ಸಲ್ಲದು. ಒಳಗೆ ಹೋಗಿ, ಮಾವ ಏಳುವ ಮುನ್ನ ನನ್ನದನ್ನು ತೆಗೆದು ಅವರ ಕರಡಿಗೆಯಲ್ಲಿಟ್ಟೆ.

ಮುಖ ತೊಳೆದು, ವಿಭೂತಿ ಹಚ್ಚಿಕೊಂಡು ಅವರು ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು. ಹೆಬ್ಬೆರಳಿನಿಂದ ಅದರ ಸುತ್ತ ಸವರಿದರು.

“ಸುವರ್ಣಾ, ನಿನ್ನ ಪೂಜಿ ಆಯ್ತು?”

“ಆಗ್ಯದ್ರಿ.”

“ಹಂಗಾದ್ರ ರೊಟ್ಟಿ ಕೊಡು.”

ಹಾಲಲ್ಲಿ ನೆನೆಸಿದ ಅರ್ಧ ರೊಟ್ಟಿ ಉಂಡರು. ಆಮೇಲೆ ದಿನವಿಡೀ ನನ್ನ ಕಡೆ ನೋಡಲಿಲ್ಲ. ಅವರಿಗೆ ತಿಳಿಯಿತೋ ಇಲ್ಲವೋ ನನಗೆ ಇಂದಿಗೂ ತಿಳಿಯದು.

ತಿಂಗಳೊಳಗೆ ತೀರಿಕೊಂಡರು. ಅವರ ಹುಟ್ಟೂರು ಅಫಜಲಪುರದ ಹೊಲದಲ್ಲಿ ಗುಣಿ ತೆಗೆದು ಕೂರಿಸಿದಾಗ ಸ್ವಾಮಿಗಳು ಕರಡಿಗೆ ಬಿಚ್ಚಿ, ನನ್ನ ಲಿಂಗವನ್ನು ಅವರ ಎಡಗೈಯಲ್ಲಿಟ್ಟರು. ಮೇಲೆ ಮಣ್ಣು ಬಿತ್ತು.

“ಅಪ್ಪ ಕೊನೀತನಾ ಲಿಂಗಾ ಬಿಡ್ಲಿಲ್ಲ ನೋಡು,” ಎಂದ ವಿಶ್ವಾರಾಧ್ಯ. ಆ ಒಂದು ಮಾತಿನಲ್ಲೇ ಅವನಿಗೆ ಸಮಾಧಾನವಿತ್ತು.

ಸೆರಗನ್ನು ಎದೆಯ ಮೇಲೆ ಎಳೆದುಕೊಂಡೆ. ಹೊಸ ಲಿಂಗ ಬೇಕೆಂದರೆ ಹಳೆಯದು ಏನಾಯಿತೆಂದು ಮಠದಲ್ಲಿ ಹೇಳಬೇಕು. ಮುಂದೊಂದು ದಿನ ನನ್ನನ್ನು ಮಣ್ಣು ಮಾಡುವಾಗ ಯಾರೋ ಈ ಖಾಲಿ ಕರಡಿಗೆ ತೆರೆಯುತ್ತಾರೆ. ತೆರೆಯಲಿ. ನಾನಾಗಿ ಯಾರಿಗೂ ಹೇಳುವುದಿಲ್ಲ.