ಕೇಳಿದವರ ಪಟ್ಟಿ

ಕೃತಜ್ಞತೆಯ ಮೂರು ಪುಟಗಳನ್ನು ಗಾರ್ಗಿ ನಿಂತಲ್ಲೇ ಎರಡು ಸಲ ಓದಿದಳು. ಲೈಬ್ರರಿಗೆ ಥ್ಯಾಂಕ್ಸ್ ಇತ್ತು, ದುಡ್ಡು ಕೊಟ್ಟ ಫೌಂಡೇಶನ್ನಿಗೆ ಇತ್ತು, ಬರೆಯುವಾಗ ಕಾಲಬುಡದಲ್ಲಿ ಮಲಗಿರುತ್ತಿದ್ದ ನಾಯಿಗೂ ಇತ್ತು. ತನ್ನ ಹೆಸರು ಎಲ್ಲೂ ಇರಲಿಲ್ಲ.

ಸಭಾಂಗಣದ ಆ ತುದಿಯಲ್ಲಿ ಪ್ರೊಫೆಸರ್ ಮಾರ್ಗರೆಟ್ ಹೋಲ್ಟ್ ತಮ್ಮ ಹೊಸ ಪುಸ್ತಕಕ್ಕೆ ಸಹಿ ಹಾಕುತ್ತಾ ಕೂತಿದ್ದರು. ಸಾವಿರ ವರ್ಷದ ಹಿಂದೆ ಬಾಗ್ದಾದಿನಲ್ಲಿ ಗುರುವಿನ ಎದುರು ಪುಸ್ತಕವೊಂದನ್ನು ಗಟ್ಟಿಯಾಗಿ ಓದಿ ಮುಗಿಸಿದ ಮೇಲೆ, ಕೇಳಲು ಕೂತವರ ಹೆಸರನ್ನೆಲ್ಲ ಕೊನೆಯ ಹಾಳೆಯಲ್ಲಿ ಬರೆದಿಡುತ್ತಿದ್ದರು. ಅಂಥ ಪಟ್ಟಿಗಳ ಮೇಲೆಯೇ ಈ ಪುಸ್ತಕ. ಚುಕ್ಕಿಯಿಲ್ಲದ ಆ ಅರಬ್ಬಿ ಗೀಚು ಅಕ್ಷರವನ್ನು ಓದಿ ಬಿಡಿಸಿದವಳು ಮಾತ್ರ ಗಾರ್ಗಿ. ವಿಜಯಪುರದಲ್ಲಿ ಅಜ್ಜನ ಪಕ್ಕ ಕೂತು ಹಳೆಯ ಫಾರಸಿ ಕಾಗದಪತ್ರ ಓದಲು ಕಲಿತವಳು, ಆಮೇಲೆ ಅರಬ್ಬಿಯಲ್ಲಿ ಎಂ.ಎ. ಮಾಡಿದವಳು. ಆರು ವರ್ಷ, ವಾರಕ್ಕೆ ಮೂರು ದಿನ, ಬಿಟ್ಟಿಯಾಗಿ. ಗಂಡನ ವೀಸಾದ ಮೇಲೆ ಅಮೆರಿಕಕ್ಕೆ ಬಂದವಳು ಸಂಬಳ ಮುಟ್ಟುವಂತಿರಲಿಲ್ಲ. ಪುಸ್ತಕದಲ್ಲಿ ನಿನ್ನ ಹೆಸರು ಬರುತ್ತದೆ, ಅದನ್ನು ತೋರಿಸಿ ಪಿಎಚ್.ಡಿ.ಗೆ ಅರ್ಜಿ ಹಾಕು ಎಂದು ಪ್ರೊಫೆಸರರೇ ಹೇಳಿದ್ದರು.

ಆ ಬಾಗ್ದಾದಿನವರು ಯಾರನ್ನೂ ಬಿಡುತ್ತಿರಲಿಲ್ಲ. ಅಪ್ಪನ ಜತೆ ಬಂದ ಐದು ವರ್ಷದ ಮಗಳು, ಯಜಮಾನನ ಹಿಂದೆ ಕೂತ ಗುಲಾಮ, ಎಲ್ಲರಿಗೂ ಪಟ್ಟಿಯಲ್ಲಿ ಜಾಗವಿತ್ತು. ಒಬ್ಬನ ಹೆಸರಿನ ಮುಂದೆ 'ನಡುವೆ ತೂಕಡಿಸಿದ' ಎಂದು ಬರೆದಿದ್ದರು. ತೂಕಡಿಸಿದವನನ್ನೂ ಹೊಡೆದುಹಾಕಿರಲಿಲ್ಲ. ಅದನ್ನು ಮೊದಲು ಓದಿದ ದಿನ ಗಾರ್ಗಿ ಲೈಬ್ರರಿಯಲ್ಲಿ ಒಬ್ಬಳೇ ನಕ್ಕಿದ್ದಳು.

ಸರದಿ ಬಂದಾಗ ಅವಳು ಇಂಗ್ಲಿಷಿನಲ್ಲಿ, ಮೆಲ್ಲಗೆ, ತನ್ನ ಹೆಸರು ಬಿಟ್ಟುಹೋಗಿದೆ ಎಂದಳು. ಪ್ರೊಫೆಸರ್ ಅವಳ ಕೈ ಹಿಡಿದುಕೊಂಡರು. ಬಿಟ್ಟುಹೋದದ್ದಲ್ಲ, ಬೇಕೆಂದೇ ಬಿಟ್ಟದ್ದು ಎಂದರು. ವಕೀಲರು ಬೇಡವೆಂದರಂತೆ. ಆರು ವರ್ಷ ದುಡಿದಿದ್ದಾಳೆ ಎಂದು ಅಚ್ಚಾದರೆ ಅವಳ ವೀಸಾಕ್ಕೇ ಸಂಚಕಾರವಂತೆ. ಎಲ್ಲ ಅವಳ ಒಳ್ಳೆಯದಕ್ಕೇ ಅಂತೆ.

"ಮುನ್ನುಡಿಯಲ್ಲಿ ಪ್ರತಿ ಹೆಸರನ್ನೂ ನೀವೇ ಓದಿ ಬಿಡಿಸಿದ್ದು ಅಂತ ಇದೆ," ಎಂದಳು ಗಾರ್ಗಿ.

"ಅದು ಬರೆಯುವ ರೂಢಿ," ಎಂದರು ಪ್ರೊಫೆಸರ್. ಕೃತಜ್ಞತೆಯ ಪುಟ ತೆರೆದು, ನಾಯಿಯ ಹೆಸರಿನ ಕೆಳಗೆ ಉಳಿದ ಜಾಗದಲ್ಲಿ ಗಾರ್ಗಿಯ ಹೆಸರನ್ನು ಪೆನ್ನಿನಲ್ಲಿ ದುಂಡಗೆ ಬರೆದುಕೊಟ್ಟರು.

ಗಾರ್ಗಿಯ ಹಿಂದೆ ಹದಿನೈದು ಜನ ಕಾಯುತ್ತಿದ್ದರು. ಪುಸ್ತಕವನ್ನು ಆ ಮೇಜಿನ ಮೇಲೇ ಬಿಟ್ಟು ಬರಬೇಕಿತ್ತು. ಥ್ಯಾಂಕ್ಯೂ ಎಂದು ಹೇಳಿ ಎತ್ತಿಕೊಂಡು ಬಂದಳು. ಪ್ಲೇನ್ಸ್‌ಬರೋದ ಮನೆ ಮುಟ್ಟುವವರೆಗೂ ಡ್ರೈವ್ ಮಾಡುತ್ತಾ ತನ್ನನ್ನೇ ಬೈದುಕೊಂಡಳು.

ಮನೆಯಲ್ಲಿ ಗಂಡ ಪ್ರಾಣೇಶ ಪುಸ್ತಕಕ್ಕಾಗಿ ಕಾಯುತ್ತಿದ್ದ. "ಎಲ್ಲದ, ತೋರ್ಸು," ಎಂದು ಪುಟ ತಿರುವಿದ. "ಇದೇನು, ಕೈಲೇ ಬರದಾರಲ್ಲ?"

"ಅಚ್ಚಿನಾಗ ಇಲ್ಲ. ವೀಸಾಕ್ಕ ತೊಂದರಿ ಆಗ್ತದಂತ ಬಿಟ್ಟಾರಂತ."

ಪ್ರಾಣೇಶನ ಮುಖ ಹಗುರಾದದ್ದನ್ನು ಗಾರ್ಗಿ ನೋಡಿದಳು.

"ಖರೇನ ಅದ ನೋಡು. ಹತ್ತು ವರ್ಷದಿಂದ ಗ್ರೀನ್ ಕಾರ್ಡಿಗೆ ಕಾಯ್ಲಿಕ್ಹತ್ತೀವಿ. ಅಚ್ಚಾಗಿದ್ರ ಸಿಕ್ಕೊಂಡುಬಿಡ್ತಿದ್ವಿ. ಪಾಪ, ಆಕಿ ನಮ್ಮ ವಿಚಾರ ಮಾಡ್ಯಾಳ."

"ಆರು ವರ್ಷ ನಾ ಓದೀನಿ."

"ಯಾರು ಇಲ್ಲಂದ್ರು?" ಎನ್ನುತ್ತಾ ಅವನು ಹೆಸರಿದ್ದಷ್ಟು ಜಾಗದ ಫೋಟೋ ತೆಗೆದು ಎರಡೂ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದ.

ಊರಲ್ಲಿ ಆಗಷ್ಟೇ ಬೆಳಗಾಗುತ್ತಿತ್ತು. ಅತ್ತೆ ಕೈಮುಗಿದ ಚಿತ್ರ ಹಾಕಿದರು. ಭಾವ ಶಾಬಾಸ್ ಎಂದರು. ಗಾರ್ಗಿ ಒಬ್ಬೊಬ್ಬರಿಗೂ ಥ್ಯಾಂಕ್ಸ್ ಬರೆದಳು. ಧಾರವಾಡದಲ್ಲಿ ಕಾಲೇಜು ಓದುತ್ತಿದ್ದ ಅಕ್ಕನ ಮಗಳು ಆರಾಧ್ಯಾ ಕೇಳಿದಳು, "ಚಿಕ್ಕವ್ವ, ಈ ಪುಸ್ತಕ ನನಗೂ ಒಂದು ಬೇಕು. ಎಲ್ಲೆ ಸಿಗ್ತದ?"

ಗಾರ್ಗಿ ಪುಸ್ತಕ ಸಿಗುವ ಜಾಗ ಬರೆದಳು, ಅಲ್ಲಿಯ ಯಾವ ಪ್ರತಿಯಲ್ಲೂ ತನ್ನ ಹೆಸರಿರುವುದಿಲ್ಲವೆಂದು ಅಳಿಸಿದಳು. ಕೊನೆಗೆ, "ಸಿಗೂದಿಲ್ಲವಾ. ಒಂದ ಕಾಪಿ ಇತ್ತು," ಎಂದು ಬರೆದಳು.

ಕಳಿಸಿದ ಮಾತಿನ ಪಕ್ಕದ ಗುರುತು ನೀಲಿಯಾಯಿತು. ಎಲ್ಲರೂ ಓದಿದ್ದರು.